ಕಾರ್ಡಿನ ಹಿಂಬದಿ

ನನ್ನ ತಂಗಿಗೆ ಸುಳ್ಳು ಉದಾಹರಣೆ ಬರೆಯಲು ಬರುವುದಿಲ್ಲ. ಇದನ್ನು ಹತ್ತು ಜನರ ಮುಂದೆ ಹೇಳಿಕೊಂಡು ಬೀಗಿದವಳು ನಾನೇ. ಈಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಆ ಒಂದು ಗುಣ ಇಲ್ಲದಿದ್ದರೆ ನಾನು ಇನ್ನೂ ಒಂದೆರಡು ವಾರ ನೆಮ್ಮದಿಯಾಗಿ ಇರುತ್ತಿದ್ದೆ, ಅಷ್ಟೇ.

ನಮ್ಮದು ನಿಘಂಟಿನ ಕಚೇರಿ. ಕೆಳಗೆ ಕನ್ನಡಕದ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅವರ ಮೇಲೆ ನಾವು. ಕಣ್ಣು, ಹಲ್ಲು ಎರಡನ್ನೂ ಕಳೆದುಕೊಂಡವರು ಮಾತ್ರ ಎರಡನೇ ಮಹಡಿಗೆ ಬರುತ್ತಾರೆ ಎಂದು ಮನೆಯಲ್ಲಿ ನನ್ನ ಯಜಮಾನರು ಗೇಲಿ ಮಾಡುತ್ತಾರೆ. ಇರುವುದು ಎರಡೇ ಕೋಣೆ. ಒಳಗಿನದು ಸಂಪಾದಕರದು. ಹೊರಗಿನದರಲ್ಲಿ ಎದುರುಬದುರು ಎರಡು ಮೇಜು, ಒಂದು ನನ್ನದು, ಇನ್ನೊಂದು ತಂಗಿಯದು. ಗೋಡೆಯುದ್ದಕ್ಕೂ ಮರದ ಬೀರು, ಅದರಲ್ಲಿ ನೂರಾ ನಲವತ್ತು ಸಣ್ಣ ಡ್ರಾಯರು, ಡ್ರಾಯರುಗಳ ತುಂಬ ಅಂಗೈ ಅಗಲದ ಕಾರ್ಡುಗಳು. ಇಂಗ್ಲಿಷಿನ ಒಂದೊಂದು ಪದಕ್ಕೂ ನಮ್ಮ ಮಾತಿನಲ್ಲಿ ಅರ್ಥ ಬರೆದು ಜೋಡಿಸುವುದು ಕೆಲಸ. ನಾನು ಸೇರಿ ಹತ್ತೊಂಬತ್ತು ವರ್ಷವಾಯಿತು, ತಂಗಿ ಬಂದು ಹದಿನಾಲ್ಕು.

ಅರ್ಥ ಬರೆಯುವುದು ಅಂಥ ದೊಡ್ಡ ವಿದ್ಯೆಯಲ್ಲ. ಹತ್ತಿರ ಹತ್ತಿರದ ಪದಗಳ ನಡುವೆ ವ್ಯತ್ಯಾಸ ಎಲ್ಲಿದೆ ಎಂದು ಹೇಳುವುದೇ ಕಷ್ಟ. ನೋಡುವವರಿಗೆ ಅವಳಿ ಮಕ್ಕಳೆಲ್ಲ ಒಂದೇ. ಯಾರ ಕಿವಿಯ ಹಿಂದೆ ಮಚ್ಚೆ ಇದೆ ಎನ್ನುವುದು ಎಣ್ಣೆ ಹಚ್ಚಿ ಸ್ನಾನ ಮಾಡಿಸಿದವಳಿಗೆ ಗೊತ್ತು. ಆ ಕೆಲಸ ನನ್ನದು. ಪುಟದ ನಡುವೆ ಚೌಕ ಹಾಕಿ, ಒಂದು ಗುಂಪಿನ ಪದಗಳನ್ನೆಲ್ಲ ಅದರಲ್ಲಿ ಕೂರಿಸಿ, ಎಲ್ಲಿ ಯಾವುದು ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಟಿಪ್ಪಣಿ ಬರೆಯುತ್ತಿದ್ದೆ. ಮುನ್ನೂರ ಹನ್ನೊಂದು ಬರೆದು ಮುಗಿಸಿದ್ದೆ. ದೊಡ್ಡ ನಿಘಂಟು ಅಚ್ಚಾದಾಗ ಮೊದಲ ಪುಟದಲ್ಲಿ ಸಂಪಾದಕರ ಹೆಸರಿನ ಕೆಳಗೆ 'ವ್ಯತ್ಯಾಸದ ಟಿಪ್ಪಣಿಗಳು' ಎಂದು ಹಾಕಿ ನನ್ನ ಹೆಸರು ಬರುತ್ತದೆ ಎಂದು ಮಾತಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಪುಟವನ್ನು ನಾನು ಒಂದು ಹಾಳೆಯ ಮೇಲೆ ಬರೆದು, ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಆಗಾಗ ತೆಗೆದು ನೋಡುತ್ತಿದ್ದೆ. ನನಗೆ ಮಕ್ಕಳಿಲ್ಲ, ಮನೆಯಿಲ್ಲ, ಇರುವುದು ಬಾಡಿಗೆ ಮನೆ. ಹೆಸರು ಉಳಿಯುವುದಾದರೆ ಉಳಿಯುವ ಜಾಗ ಅದೊಂದೇ ಆಗಿತ್ತು.

ಮುನ್ನೂರ ಹನ್ನೆರಡನೆಯದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಕೊನೆಗಾಣಿಸುವ ಪದಗಳ ಗುಂಪು ಅದು. ಹನ್ನೊಂದು ಪದ. ಮುಗಿಯಿತು, ನಿಂತಿತು ಎಂದು ನಾವು ಎರಡು ಮಾತಿನಲ್ಲಿ ದಿನ ತಳ್ಳುತ್ತೇವೆ. ಇಂಗ್ಲಿಷಿನವರಿಗೆ ಸಾಯಿಸುವುದಕ್ಕೂ ಹತ್ತು ಚಾಕು ಬೇಕು. ಬಸ್ಸು ನಿಂತರೆ ಸ್ಟಾಪ್, ಅದು ಮತ್ತೆ ಹೊರಡಬಹುದು. ತಟ್ಟೆಯಲ್ಲಿ ಅಗುಳೂ ಉಳಿಯದಿದ್ದರೆ ಫಿನಿಶ್. ಅರ್ಜಿಯ ಎಲ್ಲ ಕಾಲಂಗಳನ್ನೂ ತುಂಬಿದರೆ ಕಂಪ್ಲೀಟ್, ಅಲ್ಲಿ ಮುಗಿಯುವುದಕ್ಕಿಂತ ತುಂಬುವುದು ಮುಖ್ಯ. ಹೊರಡುವ ಮೊದಲೇ ರೈಲು ಇಲ್ಲ ಎಂದರೆ ಕ್ಯಾನ್ಸಲ್. ಹೊರಟ ರೈಲನ್ನು ಯಾರೂ ಕ್ಯಾನ್ಸಲ್ ಮಾಡಲಾರರು. ಇದ್ದದ್ದನ್ನು ಗೂಟಕ್ಕೆ ನೇತುಹಾಕಿ, ಆಮೇಲೆ ನೋಡೋಣ ಎಂದರೆ ಸಸ್ಪೆಂಡ್. ಕಾನೂನನ್ನೋ ಪದ್ಧತಿಯನ್ನೋ ಬೇರು ಸಮೇತ ಕಿತ್ತರೆ ಅಬಾಲಿಶ್. ಮನುಷ್ಯರನ್ನು ಹಾಗೆ ಮಾಡಲು ಬರುವುದಿಲ್ಲ, ಮನುಷ್ಯರನ್ನು ಕೆಲಸದಿಂದ ಎಬ್ಬಿಸಿ ಕಳಿಸಲು ಟರ್ಮಿನೇಟ್ ಇದೆ. ತಾನಾಗಿ ಎದ್ದು ಹೋದರೆ ಕ್ವಿಟ್. ಹೀಗೆ. ಮೂರು ತಿಂಗಳಿಂದ ಇದರಲ್ಲೇ ಮುಳುಗಿದ್ದೆ. ಅಷ್ಟು ದಿನ ಬೇಕಾಗಿರಲಿಲ್ಲ, ನಿಜ. ಕೊನೆಯದು ಎಂದು ಚೀಪಿ ಚೀಪಿ ತಿನ್ನುತ್ತಿದ್ದೆ.

ನಮ್ಮ ಕಚೇರಿಯ ಕಟ್ಟಳೆಯೊಂದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಉದಾಹರಣೆಯ ವಾಕ್ಯವನ್ನು ಯಾರೂ ಕೂತು ಕಟ್ಟುವ ಹಾಗಿಲ್ಲ. ಕಿವಿಯಾರೆ ಕೇಳಿದ್ದನ್ನೇ ಬರೆಯಬೇಕು. ಕಾರ್ಡಿನ ಮುಂಬದಿಯಲ್ಲಿ ವಾಕ್ಯ. ಹಿಂಬದಿಯಲ್ಲಿ ನಾಲ್ಕು ಸಾಲು: ದಿನ, ಜಾಗ, ಹೇಳಿದವರು, ಸಂದರ್ಭ. ಹಳೆಯ ನಿಘಂಟುಗಳಲ್ಲಿ ಬರೀ 'ರಾಜನು ಯುದ್ಧವನ್ನು ನಿಲ್ಲಿಸಿದನು' ಎಂಬಂಥವೇ ಇರುತ್ತವೆ. ಯಾವ ರಾಜ, ಯಾರ ಯುದ್ಧ? ಅಂಥ ಮಾತನ್ನು ಬದುಕಿರುವ ಯಾವ ಬಾಯೂ ಆಡಿರುವುದಿಲ್ಲ. ಆ ಕಟ್ಟಳೆ ತಂದವಳು ನಾನು. ಕಾರ್ಡು ಬರೆದವರು ಒಬ್ಬರಾದರೆ, ಎರಡೂ ಬದಿ ಓದಿ ಮೂಲೆಯಲ್ಲಿ ಗುರುತು ಹಾಕುವವರು ಇನ್ನೊಬ್ಬರು. ಇದಕ್ಕೆ ನಾವು ಎರಡನೇ ಕೈ ಎನ್ನುತ್ತೇವೆ. ಎರಡನೇ ಕೈ ಬೀಳದ ಕಾರ್ಡು ಪುಸ್ತಕಕ್ಕೆ ಹೋಗುವುದಿಲ್ಲ.

ತಂಗಿಯ ಕಾರ್ಡುಗಳಿಗೆ ನಾನು, ನನ್ನವಕ್ಕೆ ಅವಳು. ಅವಳನ್ನು ಮನೆಯಲ್ಲಿ ಚುಕ್ಕಿ ಎನ್ನುತ್ತೇವೆ. ಅಕ್ಷರ ಕಲಿಯುವಾಗ ಸಾಲಿನ ಕೊನೆಗೆ ಚುಕ್ಕಿ ಇಡದೆ ಪೆನ್ಸಿಲ್ ಎತ್ತುತ್ತಿರಲಿಲ್ಲ, ಇಟ್ಟ ಮೇಲೂ ಅದನ್ನು ಮೂರು ಸಲ ಒತ್ತುತ್ತಿದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು. ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ನಾನೇ. ಈ ಕೆಲಸಕ್ಕೆ ಕೈಹಿಡಿದು ಕರೆತಂದವಳೂ ನಾನೇ. ಮೊದಲ ತಿಂಗಳಲ್ಲಿ ಒಂದು ದಿನ ಯಾರೂ ಆಡದ ವಾಕ್ಯವೊಂದನ್ನು ತಾನೇ ಕಟ್ಟಿ ತಂದಿದ್ದಳು. ಹಿಂಬದಿಯ ಸಾಲು ನೋಡುತ್ತಲೇ ನನಗೆ ತಿಳಿಯಿತು. ಕಾರ್ಡನ್ನು ಅವಳ ಎದುರಿಗೇ ಹರಿದು ಹಾಕಿ, "ಇನ್ನೊಂದು ಸಲ ಹೀಗೆ ಮಾಡಿದ್ರೆ ನನ್ನ ತಂಗಿ ಅಂತ ಹೇಳ್ಕೋಬೇಡ" ಅಂದೆ. ಅವತ್ತಿನಿಂದ ಅವಳು ಸುಳ್ಳು ಬರೆದಿಲ್ಲ. ನಾನೂ ಒಂದೆರಡು ವರ್ಷ ನೋಡಿ, ಆಮೇಲೆ ಅವಳ ಕಾರ್ಡುಗಳನ್ನು ತಿರುಗಿಸಿ ನೋಡುವುದನ್ನೇ ಬಿಟ್ಟೆ. ಮುಂಬದಿ ಓದಿ ಗುರುತು ಹಾಕುತ್ತಿದ್ದೆ. ಒಡಹುಟ್ಟಿದವಳ ಬೆನ್ನ ಹಿಂದೆ ನೋಡುವುದೇನಿದೆ?

ಅಂದು ಶುಕ್ರವಾರ. ಚುಕ್ಕಿ ಬೆಳಿಗ್ಗೆಯೇ ಕರಡು ತರಲು ಅಚ್ಚಿನ ಮನೆಗೆ ಹೋಗಿದ್ದಳು. ಹೋಗುವ ಮೊದಲು ಕೊನೆಯ ಗುಂಪಿನ ಉದಾಹರಣೆಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು, "ಇಷ್ಟೇ ಅಕ್ಕ, ಇನ್ನು ನಿನ್ನ ಎರಡು ಪದ ಉಳಿದಿವೆ" ಅಂದಿದ್ದಳು. ನಾನು ಒಂದೊಂದಾಗಿ ಓದಿ ಗುರುತು ಹಾಕುತ್ತಾ ಬಂದೆ. ಲಿಫ್ಟ್ ರಿಪೇರಿ ಮಾಡುವ ನನ್ನ ಯಜಮಾನರ ಮಾತೂ ಒಂದಿತ್ತು: 'ಲಿಫ್ಟ್ ಕೆಟ್ಟಿಲ್ಲ, ನಿಂತಿದೆ ಅಷ್ಟೇ.' ನಿಘಂಟಿನಲ್ಲಿ ತಮ್ಮ ಮಾತು ಬರುತ್ತದೆ ಎಂದು ಅವರು ಅಂಗಡಿಯವನಿಗೂ ಹೇಳಿ ಬಂದಿದ್ದರು.

ಆಮೇಲೆ ಈ ಕಾರ್ಡು ಬಂತು.

'ಕೊನೇದನ್ನೂ ಮುಗಿಸಲಿ, ಆಮೇಲೆ ನಿಲ್ಲಿಸೋಣ.'

ಓದಿ ಪೆನ್ನು ಕೆಳಗಿಟ್ಟೆ. ನಾನು ಎರಡು ವಾರದಿಂದ ಅರ್ಧ ಪುಟ ಗೀಚಿ ಹೇಳಲಾಗದ್ದನ್ನು ಯಾರೋ ನಾಲ್ಕು ಪದದಲ್ಲಿ ಹೇಳಿಬಿಟ್ಟಿದ್ದರು. ಫಿನಿಶ್ ಮಾಡುವವರು ದುಡಿಯುವವರು. ಸ್ಟಾಪ್ ಮಾಡುವವರು ದುಡಿಸುವವರು. ಮುಗಿಸುವ ಕೈ ಬೇರೆ, ನಿಲ್ಲಿಸುವ ಕೈ ಬೇರೆ, ಮುಗಿಸುವ ಕೈಗೆ ನಿಲ್ಲಿಸುವ ಕೈ ಕಾಣುತ್ತಿಲ್ಲ. ಎಷ್ಟು ಸರಿಯಾದ ಮಾತು ಎಂದು ನನಗೆ ನಿಜವಾಗಿ ಸಂತೋಷವಾಯಿತು. ಯಾರ ಬಾಯಿಂದ ಬಂದಿರಬಹುದು? ಯಾವುದೋ ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕನೇ ಇರಬೇಕು. ಇಂಥ ಕಟುಕನ ಮಾತನ್ನು ಇಷ್ಟು ಮೆತ್ತಗೆ ಆಡಿದ ಪುಣ್ಯಾತ್ಮ ಯಾರು ಎಂದು ನೋಡುವ ಆಸೆಗೆ ಕಾರ್ಡನ್ನು ತಿರುಗಿಸಿದೆ.

ದಿನ: ಮೂರು ತಿಂಗಳ ಹಿಂದಿನ ಒಂದು ತಾರೀಕು.
ಜಾಗ: ಸಂಪಾದಕರ ಕೋಣೆ.
ಹೇಳಿದವರು: ನಾನು.
ಸಂದರ್ಭ: ಅಕ್ಕನ ಟಿಪ್ಪಣಿಗಳು.

ಸಾಲಿನ ಕೊನೆಯ ಚುಕ್ಕಿಯನ್ನು ಮೂರು ಸಲ ಒತ್ತಿದ್ದು ಕಾಣುತ್ತಿತ್ತು.

ಅಕ್ಷರ ಅವಳದ್ದೇ, ಆದರೂ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ನಂತರ ಎದ್ದು ಒಳಗಿನ ಕೋಣೆಗೆ ಹೋದೆ. ನಮ್ಮ ಸಂಪಾದಕರನ್ನು ನಾವು ಬೆನ್ನ ಹಿಂದೆ ಹೂಂ ಸರ್ ಎನ್ನುತ್ತೇವೆ. ಯಾವ ಪ್ರಶ್ನೆಗೂ ಮೊದಲು ಹೂಂ, ಆಮೇಲೆ ಉತ್ತರ. ಕೆಟ್ಟವರಲ್ಲ. ಯಾರ ಮನಸ್ಸನ್ನೂ ನೋಯಿಸಲು ಧೈರ್ಯ ಸಾಲದವರು. ಹಾಗಾಗಿ ನೋಯಿಸುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಾರೆ.

ಎಲ್ಲ ಗೊತ್ತಿರುವವಳ ಹಾಗೆ ಕೇಳಿದೆ. "ಸರ್, ಟಿಪ್ಪಣಿಗಳನ್ನ ನಿಲ್ಲಿಸೋದು ಯಾವಾಗಿಂದ?"

"ಹೂಂ," ಅಂದರು. ಮುಖದಲ್ಲಿ ದೊಡ್ಡ ಹೊರೆ ಇಳಿದ ಹಾಗಿತ್ತು. "ಸದ್ಯ, ತಂಗಿ ಹೇಳಿದ್ರಲ್ಲ. ನನಗೆ ದಿನಾ ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ ನೋಡಿ. ದುಡ್ಡು ಕೊಡೋ ಮಂಡಳಿಯವರು ದೊಡ್ಡ ನಿಘಂಟು ಬೇಡ ಅಂದ್ಬಿಟ್ರು. ಒಂದೇ ಸಂಪುಟ, ಕೈಲಿ ಹಿಡಿಯೋ ಅಷ್ಟು. ಅದರಲ್ಲಿ ಟಿಪ್ಪಣಿಗಳಿಗೆ ಜಾಗ ಎಲ್ಲಿ? ಕೆಲಸಕ್ಕೂ ಒಬ್ಬರೇ ಸಾಕು ಅಂದ್ರು."

"ಆ ಒಬ್ಬರು ಯಾರು ಅಂತ ಯಾರು ಹೇಳಿದ್ದು?"

"ಹೂಂ. ನಾನು ನಿಮ್ಮನ್ನೇ ಕರೆದು ಮಾತಾಡೋಣ ಅಂತಿದ್ದೆ. ನಿಮ್ಮ ತಂಗಿನೇ ಬೇಡ ಅಂದ್ರು. ಅಕ್ಕ ಹೇಗೂ ಬಿಡೋ ಮನಸ್ಸಲ್ಲಿದ್ದಾಳೆ, ಕಣ್ಣು ಸುಸ್ತಾಗಿದೆ, ಕೊನೇದನ್ನ ಮುಗಿಸೋದೊಂದೇ ಅವಳಿಗೆ ಬಾಕಿ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ ಅಂದ್ರು. ಒಡಹುಟ್ಟಿದವರು ಹೇಳಿದ ಮೇಲೆ ನಾನು ಮಧ್ಯೆ ಬರೋದು ಸರಿಯಾ?"

ನನ್ನ ಕಣ್ಣಿಗೆ ಯಾವ ಸುಸ್ತೂ ಇರಲಿಲ್ಲ. ಅವತ್ತು ಮಾತ್ರ ಎದುರಿಗಿದ್ದ ಮೇಜು ಮಂಜಾಗಿ ಕಂಡಿತು. "ಸರಿ ಸರ್" ಎಂದು ಹೊರಗೆ ಬಂದೆ.

ಕೂತು ಹಿಂದಿನದನ್ನೆಲ್ಲ ನೆನೆಸಿಕೊಂಡೆ. ಚುಕ್ಕಿ ಭಾನುವಾರದ ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ ಮಾಡುವವಳು. ಒಂಟಿ ಜೀವ, ವಾರದಲ್ಲಿ ಒಂದು ದಿನವಾದರೂ ಬಿಸಿಯಾಗಿ ಬಡಿಸಿದ್ದನ್ನು ತಿನ್ನಲಿ ಎಂದು ನಾನೇ ಹಟ ಮಾಡಿ ಶುರುಮಾಡಿದ್ದು. ಈ ಮೂರು ತಿಂಗಳಲ್ಲಿ ಹನ್ನೆರಡು ಭಾನುವಾರ ಬಂದಿದ್ದಳು. ಹನ್ನೆರಡು ಸಲವೂ ಕೈತೊಳೆದು ಬಂದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸುತ್ತಾ, "ಇನ್ನೆಷ್ಟು ಉಳೀತು ಅಕ್ಕ?" ಎಂದು ಕೇಳಿದ್ದಳು. ನಾನು ನನ್ನ ಕೆಲಸದ ಮೇಲಿನ ಅಕ್ಕರೆ ಎಂದುಕೊಂಡು, ಪದ ಪದವಾಗಿ ವಿವರಿಸಿದ್ದೆ. ಅವಳು ತಲೆಯಾಡಿಸಿ ಕೇಳಿದ್ದಳು. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವಳ ಹಾಗೆ.

ಮಧ್ಯಾಹ್ನದವರೆಗೆ ಏನು ಮಾಡಲಿ? ಬೀರುವಿನ ಮುಂದೆ ಸ್ಟೂಲು ಎಳೆದುಕೊಂಡು ಕೂತೆ. ಹತ್ತು ಹನ್ನೆರಡು ವರ್ಷದಿಂದ ತಿರುಗಿಸದೆ ಬಿಟ್ಟ ಚುಕ್ಕಿಯ ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸತೊಡಗಿದೆ. ಇನ್ನೂ ಏನೇನು ಬಚ್ಚಿಟ್ಟಿದ್ದಾಳೋ ನೋಡಿಯೇಬಿಡೋಣ ಎನ್ನುವ ಸಿಟ್ಟು. ಕದ್ದ ಮಾಲು ಹುಡುಕುವ ಪೊಲೀಸಿನ ಹಾಗೆ ಡ್ರಾಯರು ಎಳೆದು ತೊಡೆಯ ಮೇಲೆ ಇಟ್ಟುಕೊಂಡೆ.

ಯಾವುದರಲ್ಲೂ ಸುಳ್ಳಿರಲಿಲ್ಲ. ದಿನ, ಜಾಗ, ಹೇಳಿದವರು, ಸಂದರ್ಭ, ಎಲ್ಲವೂ ಅಚ್ಚುಕಟ್ಟು. ಹಲ್ಲಿನ ಡಾಕ್ಟರು, ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಅಜ್ಜಿ. ಆದರೆ ಐದಾರು ಕಾರ್ಡಿಗೊಂದು ಸಲ ಹಿಂಬದಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಹೇಳಿದವರು: ಅಕ್ಕ.

'ತಟ್ಟೇಲಿರೋದನ್ನ ಮುಗಿಸಿ ಏಳು.' ಹೇಳಿದವರು: ಅಕ್ಕ. 'ಯಾರಾದ್ರೂ ಬೈದ್ರೆ ನನ್ನ ಹೆಸರು ಹೇಳು.' ಹೇಳಿದವರು: ಅಕ್ಕ. ಸಂದರ್ಭ: ಶಾಲೆಯ ಮೊದಲ ದಿನ. 'ಹೊಸದು ನೀನು ಹಾಕ್ಕೋ, ನನಗೆ ಹಳೇದೇ ಒಗ್ಗಿದೆ.' ಹೇಳಿದವರು: ಅಕ್ಕ. ಸಂದರ್ಭ: ಚಪ್ಪಲಿ. ನೆನಪು ಖಚಿತವಾಗಿದ್ದರೆ ಹಳೆಯ ಮಾತನ್ನೂ ಬರೆಯಬಹುದು ಎಂದು ಕಟ್ಟಳೆಯಲ್ಲಿತ್ತು. ಅವಳ ನೆನಪು ಎಷ್ಟು ಖಚಿತವೆಂದರೆ ನಾನು ಆಡಿ ಮರೆತದ್ದೆಲ್ಲ ಅಲ್ಲಿತ್ತು. ನಮ್ಮಿಬ್ಬರ ಬಾಳೇ ಆ ಬೀರುವಿನಲ್ಲಿ ಅಕಾರಾದಿಯಾಗಿ ಜೋಡಿಸಿ ಇಟ್ಟ ಹಾಗಿತ್ತು, ನನಗೆ ಗೊತ್ತೇ ಇರಲಿಲ್ಲ.

ಒಂದು ಕಾರ್ಡಿನ ಅಂಚು ಹಳದಿಯಾಗಿತ್ತು. 'ಅಳು ನಿಲ್ಲಿಸು, ಅಕ್ಕ ಇದ್ದೀನಲ್ಲ.' ದಿನ: ಅಮ್ಮ ಹೋದ ಮಾರನೇ ದಿನ. ಜಾಗ: ಅಡುಗೆ ಮನೆ, ಬಾಗಿಲ ಹಿಂದೆ. ಹೇಳಿದವರು: ಅಕ್ಕ. ಸಂದರ್ಭದ ಸಾಲಿನಲ್ಲಿ ಬರೆದಿದ್ದಳು: ನಿಲ್ಲಿಸಿದೆ.

ಇಂಥ ಕಾರ್ಡು ಬರೆದ ಕೈಯೇ ಬೆಳಿಗ್ಗೆಯ ಕಾರ್ಡನ್ನೂ ಬರೆದಿದೆ ಎನ್ನುವುದನ್ನು ನನಗೆ ನುಂಗಲಾಗಲಿಲ್ಲ. ಹಗೆಯವರು ಮೋಸ ಮಾಡಿದರೆ ಸಿಟ್ಟು ಬರುತ್ತದೆ, ಬೈದು ಹಗುರಾಗಬಹುದು. ಇದಕ್ಕೆ ಬೈಗುಳವೂ ಹುಟ್ಟಲಿಲ್ಲ.

ಚುಕ್ಕಿ ಬಂದಾಗ ಎರಡು ಗಂಟೆ ದಾಟಿತ್ತು. ಕರಡಿನ ಸುರುಳಿಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು, ಕೈಗೆ ಮಸಿ ಹತ್ತಿತ್ತು. ನನ್ನ ತೊಡೆಯ ಮೇಲಿನ ಡ್ರಾಯರು ನೋಡಿದಳು. ಮೇಜಿನ ಮೇಲೆ ಬೆನ್ನು ಮೇಲಾಗಿ ಒಂಟಿಯಾಗಿ ಬಿದ್ದಿದ್ದ ಕಾರ್ಡು ನೋಡಿದಳು. ಸುರುಳಿಗಳನ್ನು ಇಳಿಸಲೂ ಮರೆತು ನಿಂತಳು.

"ನೀನು ನನ್ನ ಕಾರ್ಡು ತಿರುಗಿಸಲ್ಲ ಅಕ್ಕ," ಅಂದಳು. ಆಕ್ಷೇಪಣೆಯಂತೆಯೇ ಕೇಳಿಸಿತು.

"ಇವತ್ತು ತಿರುಗಿಸಿದೆ. ಮಾತು ಚೆನ್ನಾಗಿತ್ತು, ಯಾರದು ಅಂತ ನೋಡೋಣ ಅನ್ನಿಸ್ತು."

ಅವಳು ಸುರುಳಿಗಳನ್ನು ತನ್ನ ಮೇಜಿನ ಮೇಲೆ ಇಳಿಸಿದಳು.

"ಇದನ್ನ ಬರೀದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ? ಯಾಕೆ ಬರೆದೆ?"

"ಎರಡೂ ಪದ ಒಟ್ಟಿಗೆ ಬರೋ ವಾಕ್ಯ ಎಲ್ಲೂ ಸಿಗಲಿಲ್ಲ. ಅದೊಂದೇ ಇತ್ತು. ಬೇರೆ ಯಾರೋ ಹೇಳಿದ್ದು ಅಂತ ಹಿಂದೆ ಬರೆಯೋಕೆ ಹೋದೆ. ಕೈ ಬರಲಿಲ್ಲ. ನೀನೇ ಕಲಿಸಿದ್ದಲ್ವಾ."

"ಕಾರ್ಡಿನ ಮೇಲೆ ಸುಳ್ಳು ಬರೆಯೋಕೆ ಕೈ ಬರಲ್ಲ. ನನ್ನ ಮನೇಲಿ ಕೂತು, ನಾನು ಬಡಿಸಿದ್ದು ತಿಂದು, ಎಷ್ಟು ಉಳೀತು ಅಕ್ಕ ಅಂತ ಕೇಳೋಕೆ ಬಾಯಿ ಬಂತು."

"ಹೇಳಿದ್ರೆ ನೀನು ಅವತ್ತೇ ಎದ್ದು ಹೋಗ್ತಿದ್ದೆ. ಕೊನೇದು ಆಗ್ತಿರಲಿಲ್ಲ."

"ಅಚ್ಚಾಗದ ಟಿಪ್ಪಣಿ ಆದ್ರೇನು, ಬಿಟ್ರೇನು?"

ಇದಕ್ಕೆ ಉತ್ತರ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಸುರುಳಿಯೊಂದರ ಅಂಚನ್ನು ಉಗುರಿನಿಂದ ಬಿಡಿಸುತ್ತಿದ್ದಳು. "ಚಿಕ್ಕ ನಿಘಂಟಲ್ಲಿ ಚೌಕ ಇರಲ್ಲ. ಆದ್ರೆ ಒಂದೊಂದು ಪದದ ಅರ್ಥಕ್ಕೂ ನಿನ್ನ ಟಿಪ್ಪಣಿಯಿಂದ ಒಂದೊಂದು ಸಾಲು ತಗೊಂಡಿದ್ದೀನಿ. ಮುನ್ನೂರ ಹನ್ನೊಂದೂ ಸೇರಿಸಿ ಆಯ್ತು. ಇದೊಂದು ಗುಂಪು ಬಾಕಿ ಇತ್ತು. ಇದು ನನ್ನ ಕೈಲಿ ಆಗಲ್ಲ ಅಕ್ಕ. ನಿನ್ನಷ್ಟು ನಂಗೆ ಬರಲ್ಲ."

ನನಗೆ ಆಗ ಪೂರ್ತಿ ತಿಳಿಯಿತು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಆ ಗಾದೆಗೆ ಇಷ್ಟು ವರ್ಷ ನನ್ನ ಬಳಿ ಒಳ್ಳೆಯ ಉದಾಹರಣೆ ಇರಲಿಲ್ಲ.

"ಮೊದಲ ಪುಟದಲ್ಲಿ ಯಾರ ಹೆಸರು?" ಅಂದೆ.

"ಸಂಪಾದಕರದು."

"ಆಮೇಲೆ?"

"ನನ್ನದು." ಬೇಗ ಸೇರಿಸಿದಳು: "ಮುನ್ನುಡಿ ಕೊನೇಲಿ ನಿನ್ನ ನೆನೆದಿದ್ದೀವಿ."

"ನೆನೆಯೋದು ಸತ್ತವರನ್ನ."

ಅವಳು ಕುರ್ಚಿಗೆ ಕುಸಿದಳು. "ಇಬ್ಬರಲ್ಲಿ ಒಬ್ಬರು ಅಂದಾಗ ಏನು ಮಾಡ್ಲಿ ಹೇಳು. ಅವರು ನಿನ್ನನ್ನ ಕೇಳಿದ್ರೆ ನೀನು ನನಗೇ ಬಿಟ್ಟುಕೊಡ್ತಿದ್ದೆ, ನಂಗೊತ್ತು. ಬಿಟ್ಟುಕೊಟ್ಟಿದ್ದನ್ನ ತಗೊಂಡು ನಾನು ದಿನಾ ನಿನ್ನ ಮುಖ ಹೇಗೆ ನೋಡ್ಲಿ? ಚಪ್ಪಲಿಯಿಂದ ಹಿಡಿದು ಎಲ್ಲಾ ನೀನು ಕೊಟ್ಟಿದ್ದೇ. ನಿನಗೆ ಭಾವ ಇದ್ದಾರೆ. ನನಗೆ ಈ ಬೀರು ಬಿಟ್ರೆ ಯಾರಿದ್ದಾರೆ?"

"ನಾನಿದ್ದೆ," ಅಂದೆ.

ಇದ್ದೆ ಎಂದೇ ಬಾಯಿಗೆ ಬಂತು. ಇಬ್ಬರೂ ಮಾತಿನ ತೂಕ ನೋಡುತ್ತಲೇ ಬಾಳಿದವರು, ಅವಳಿಗೂ ಕೇಳಿಸಿತು.

ಅವಳು ಹೇಳಿದ್ದರಲ್ಲಿ ಒಂದು ನಿಜ. ಕೇಳಿದ್ದರೆ ನಾನು ಕೊಡುತ್ತಿದ್ದೆ. ಗೊಣಗುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಕೊನೆಗೆ ಹೆಸರನ್ನೂ ಕುರ್ಚಿಯನ್ನೂ ಅವಳ ಕಡೆಗೇ ತಳ್ಳುತ್ತಿದ್ದೆ. ಅದನ್ನು ತಿಳಿದೂ ಅವಳು ಕೇಳಲಿಲ್ಲ. ಕೊಡುವವಳ ಕೈಯಿಂದ ಕದಿಯುವುದೇ ಅವಳಿಗೆ ಸುಲಭ ಅನ್ನಿಸಿತು. ನನ್ನನ್ನು ಸುಟ್ಟದ್ದು ಅದು. ಹೆಸರು ಹೋದದ್ದನ್ನು ಒಂದಲ್ಲ ಒಂದು ದಿನ ಮರೆಯಬಲ್ಲೆ.

ಮೇಜಿನ ಮೇಲಿದ್ದ ಆ ಕಾರ್ಡು ತೆಗೆದುಕೊಂಡೆ. ವಾಕ್ಯ ಸರಿಯಾಗಿತ್ತು. ಹಿಂಬದಿಯ ನಾಲ್ಕು ಸಾಲೂ ನಿಜವಾಗಿತ್ತು. ಮೂಲೆಯಲ್ಲಿ ನನ್ನ ಗುರುತು ಹಾಕಿ ಕಟ್ಟಿನೊಳಗೆ ಸೇರಿಸಿದೆ. ಕೆಲಸ ಕೆಲಸವೇ. ಆಮೇಲೆ ಕೊನೆಯ ಟಿಪ್ಪಣಿಯ ಹಾಳೆಗಳನ್ನು ಅವಳ ಮುಂದಿಟ್ಟೆ. ಒಂಬತ್ತು ಪದ ಆಗಿತ್ತು. ಟರ್ಮಿನೇಟ್ ಮತ್ತು ಕ್ವಿಟ್, ಎರಡರ ಮುಂದೆ ಖಾಲಿ ಇತ್ತು.

"ಇದನ್ನ ಮುಗಿಸಲ್ವಾ?" ಅಂದಳು. ಆ ಹೊತ್ತಿನಲ್ಲೂ ಕೇಳಿದಳು ನೋಡಿ.

"ಇಲ್ಲ. ಇವೆರಡರ ವ್ಯತ್ಯಾಸ ನಿಂಗೆ ಗೊತ್ತಾದಾಗ ನೀನೇ ಬರಿ."

ನನ್ನ ಮೇಜಿನ ಡ್ರಾಯರಿನಿಂದ ಆ ಮೊದಲ ಪುಟದ ಹಾಳೆಯನ್ನು ತೆಗೆದು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬೀರುವಿನಿಂದ ಏನನ್ನೂ ಮುಟ್ಟಲಿಲ್ಲ. ಅಳುವಿನ ಆ ಹಳದಿ ಕಾರ್ಡನ್ನು ಎತ್ತಿಕೊಳ್ಳಬೇಕೆಂದು ಒಂದು ಕ್ಷಣ ಅನ್ನಿಸಿತು. ಅದು ಕಚೇರಿಯ ಸ್ವತ್ತು. ಅದರ ಜಾಗದಲ್ಲೇ ಇಟ್ಟು ಡ್ರಾಯರು ಮುಚ್ಚಿದೆ. ಮೆಟ್ಟಿಲಿಳಿಯುವಾಗ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದುಕೊಂಡು ನಿಂತವರೊಬ್ಬರು, "ತುಂಬಾ ನೋವಾ?" ಎಂದು ನನ್ನನ್ನು ಕೇಳಿದರು. ಹೌದು ಅಂದೆ.

ಮನೆಯಲ್ಲಿ ಯಜಮಾನರು ಹೆಚ್ಚು ಕೆದಕಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆದು ಅಭ್ಯಾಸವಾದ ಮನುಷ್ಯ. ಮೊದಲು ನೀರು ಕೊಡುತ್ತಾರೆ, ಆಮೇಲೆ ಪಕ್ಕದಲ್ಲಿ ಕೂರುತ್ತಾರೆ. ಎಲ್ಲ ಕೇಳಿ, "ನನ್ನ ಮಾತೂ ಅಚ್ಚಾಗಲ್ಲ ಅನ್ನು" ಅಂದರು. ನಾನು ನಗಲಿ ಎಂದು ಹೇಳಿದ್ದು. ನಗು ಬರಲಿಲ್ಲ.

ಭಾನುವಾರ ಚುಕ್ಕಿ ಬರುವುದಿಲ್ಲ ಎಂದುಕೊಂಡಿದ್ದೆ. ಆದರೂ ಯಾವುದೋ ಜ್ಞಾನದಲ್ಲಿ ಮೂರು ತಟ್ಟೆ ಇಟ್ಟು, ಒಂದನ್ನು ವಾಪಸ್ಸು ತೆಗೆದಿಟ್ಟೆ. ಸರಿಯಾಗಿ ಒಂದು ಗಂಟೆಗೆ ಬೆಲ್ಲಾಯಿತು. ಚುಕ್ಕಿ ಬೆಲ್ಲು ಒತ್ತುವುದು ನನಗೆ ಗೊತ್ತಾಗುತ್ತದೆ, ಸಣ್ಣದಾಗಿ ಮೂರು ಸಲ. ಯಜಮಾನರು ಹೋಗಿ ಕಿಂಡಿಯಲ್ಲಿ ನೋಡಿ ಬಂದರು.

"ನಾದಿನಿ. ಕೈಯಲ್ಲಿ ಏನೋ ಕಾಗದ ಇದೆ, ಚೌಕ ಹಾಕಿದ್ದು."

"ಊಟ ಇಲ್ಲ ಅನ್ನಿ."

ಅವರು ಅಲ್ಲೇ ನಿಂತರು. ಒಬ್ಬರಿಗೆ ಬಾಗಿಲು ಹಾಕಿ ಗೊತ್ತಿಲ್ಲದ ಮನುಷ್ಯ. ತಲೆ ಕೆರೆದುಕೊಂಡು, ಲಿಫ್ಟ್ ರಿಪೇರಿಯ ಧಾಟಿಯಲ್ಲೇ ಕೇಳಿದರು. "ಈ ವಾರಕ್ಕೆ ಮಾತ್ರ ಇಲ್ಲ ಅನ್ಲಾ, ಇನ್ನು ಮೇಲೇ ಇಲ್ಲ ಅನ್ಲಾ?"

ಹನ್ನೊಂದು ಪದಗಳನ್ನು ಮೂರು ತಿಂಗಳು ತೂಗಿದವಳು ನಾನು. ನೇತುಹಾಕುವುದು ಯಾವುದು, ಬೇರು ಸಮೇತ ಕೀಳುವುದು ಯಾವುದು ಎಂದು ಊರಿಗೆಲ್ಲ ಹೇಳಲು ಹೊರಟವಳು. ಸೌಟು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ನಮ್ಮ ಬಾಗಿಲು ತೆಳ್ಳಗಿನದು. ಒಳಗಿನ ಮಾತು ಹೊರಗೆ ಕೇಳುತ್ತದೆ, ಹೊರಗಿನದು ಒಳಗೆ. ಆಚೆ ಮೂಗೆಳೆದುಕೊಳ್ಳುವ ಸದ್ದಾಯಿತು. ಆಮೇಲೆ ಅವಳು ಅಳತೊಡಗಿದಳು. ಒಂಬತ್ತು ವರ್ಷದವಳಾಗಿದ್ದಾಗ ಅಳುತ್ತಿದ್ದ ಹಾಗೆಯೇ, ಯಾರಿಗೂ ಕೇಳಬಾರದು ಎಂದು ಬಾಯಿಗೆ ಬಟ್ಟೆ ಒತ್ತಿಕೊಂಡು.

ಹೋಗಿ ಬಾಗಿಲ ಹತ್ತಿರ ನಿಂತೆ. ಹಳದಿ ಕಾರ್ಡಿನ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಂದಿನ ಹಾಗೆ, ಇಡೀ ವಾಕ್ಯ, ಒಂದು ಪದವೂ ಆಚೀಚೆಯಾಗದೆ. ಹೇಳಿದರೆ ಅವಳು ಅಳು ನಿಲ್ಲಿಸುತ್ತಾಳೆ, ಅದೂ ನನಗೆ ಗೊತ್ತಿತ್ತು.

ಹೇಳಲಿಲ್ಲ. ಒಲೆಯ ಮೇಲಿಟ್ಟದ್ದು ಉಕ್ಕುವ ಸದ್ದು ಕೇಳಿ ಅಡುಗೆ ಮನೆಗೆ ವಾಪಸ್ಸು ಹೋದೆ.